ಕಕಾರದ ತೂಕ

ಒಂಬತ್ತನೇ 'ಬಿ'ಯ ಗೋಡೆಗೆ
ಆವರ್ತ ಕೋಷ್ಟಕ ತೂಗುಹಾಕುವಾಗೆಲ್ಲ
ನನ್ನ ಮೂಗಿಗೆ ಸೀಮೆಎಣ್ಣೆ ವಾಸನೆ.

ಗದಗದ ಸ್ಟೇಶನ್ ರೋಡಿಗೆ ಹೊಂದಿದ ಓಣಿಯಲ್ಲಿ
ಅಪ್ಪ ಮೂವತ್ತಾರು ವರ್ಷ ನಿಂತೇ ದುಡಿದ ಅಚ್ಚುಕೂಟ.
ಅಲ್ಲೂ ಒಂದು ಕೋಷ್ಟಕವಿತ್ತು, ಮರದ್ದು,
ಓರೆಯಾಗಿ ಒರಗಿಸಿದ್ದು, ಬರೀ ಮನೆ ಮನೆ ಮನೆ:
ಕ ಒಂದು ಮನೆ, ಕಾ ಒಂದು ಮನೆ, ಕಿ ಆಚೆಮನೆ,
ಮೂಲೆಯಲ್ಲಿ ಧೂಳು ತಿನ್ನುತ್ತ ಙ, ಞ,
ಯಾವ ಲಗ್ನಪತ್ರಿಕೆಯೂ ಕರೆಯದ ನೆಂಟರು.
'ಇರಲಿ ಬಿಡು, ಎಂದರ ಬೇಕಾಗ್ತಾವ'
ಎನ್ನುತ್ತಿದ್ದ ಫಕ್ಕೀರಪ್ಪ, ಮೊಳೆ ಒರೆಸುತ್ತ.
ಕೋಷ್ಟಕದ ಅಡಿಗೆ ಬೇರೆ ಪಂಕ್ತಿ ಹಾಕಿ ಕೂಡಿಸಿದ
ಆ ಎರಡು ಸಾಲಿನ ಬಗ್ಗೆ
ನಾನೂ ಈಗ ಹಾಗೇ ಹೇಳುತ್ತೇನೆ.

'ಗಂಟಲದಾಗಿನವು ಒಂದು ಸಾಲು, ತುಟಿಯವು ಒಂದು ಸಾಲು,
ನಿಮ್ಮ ಬಾಯಾಗ ಮೊದಲೇ ಒಂದು ಕೋಷ್ಟಕ ಅದ.
ಅದನ್ನ ಅಂಗನವಾಡ್ಯಾಗ ಬಾಯಿಪಾಠ ಮಾಡೀರಿ,
ಮತ್ತ ಇದಕ್ಯಾಕ ಅಂಜತೀರಿ?'
ನೀರಿನ ಸೂತ್ರದ ಎರಡು
ಒತ್ತಕ್ಷರದ ಹಾಗೆ ಕಾಲಡಿ ಕೂತಿದೆ ನೋಡಿ.
ಬಿಟ್ಟರೆ ಅದು ನೀರಲ್ಲ,
ಅಕ್ಕ ಬರೀ 'ಅಕ' ಆದಂತೆ.

ಆಫ್‌ಸೆಟ್ ಬಂತು. ಮಾಲೀಕರು ಮೊಳೆಗಳನ್ನೆಲ್ಲ
ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದರು.
ವಚನ, ಪಂಚಾಂಗ, ಹತ್ತಿ ದಲಾಲರ ರಸೀದಿ,
ಎಲ್ಲಕ್ಕೂ ತಕ್ಕಡಿಯಲ್ಲಿ ಒಂದೇ ದರ.
ಅಪ್ಪನ ಅಂಗಿ ಜೇಬಿನಲ್ಲಿ ಉಳಿದದ್ದು
ಒಂದು ಕ.

ಅದನ್ನು ಇವತ್ತು ಶಾಲೆಗೆ ತಂದೆ.
ಫ್ಯಾನ್ ಆರಿಸಿದೆವು, ಕಿಟಕಿ ಮುಚ್ಚಿದೆವು.
(ಗಾಳಿಯಂತ್ರದ ಊರಿನಲ್ಲಿ ಗಾಳಿಗೂ ತೂಕವಿದೆ.)
ಮೂರು ಪಾಯಿಂಟ್ ಎರಡು ಏಳು ಗ್ರಾಂ.
ಏಳು ಆರಾಯಿತು, ಮತ್ತೆ ಏಳಾಯಿತು.
'ಕೊನೇ ಅಂಕಿ ಯಾವತ್ತಿದ್ದರೂ ಅನುಮಾನದ್ದ.
ಅನುಮಾನ ಅಂತ ಬಿಡಬ್ಯಾಡ್ರಿ, ಅದನ್ನೂ ಬರೀರಿ.
ಅದರ ಮುಂದಿಂದು ಮಾತ್ರ ಬರದ್ರ ಸುಳ್ಳು.'

ಸೀಸ, ತವರ, ಆಂಟಿಮನಿ.
ಗೋಡೆಯ ಮೇಲೆ ಬೆರಳಿಟ್ಟು ತೋರಿಸಿದೆ:
ತವರದ ಪಕ್ಕದ ಮನೆ ಆಂಟಿಮನಿ,
ತವರದ ಕೆಳಗಿನ ಮನೆ ಸೀಸ.
ನಾವು ಉಂಡುಟ್ಟದ್ದೆಲ್ಲ
ಈ ಮೂರು ಮನೆಯ ಓಣಿಯಿಂದ ಬಂತು
ಎಂದು ಮಾತ್ರ ಹೇಳಲಿಲ್ಲ.

ಲೆಕ್ಕ ಮಾಡಿದೆವು. ಒಂದು ಕಕಾರದಲ್ಲಿ
ಪರಮಾಣು ಎಷ್ಟು? ಸುಮಾರು
ಒಂದು, ಅದರ ಮುಂದೆ ಇಪ್ಪತ್ತೆರಡು ಸೊನ್ನೆ.
ಹಲಗೆ ಸಾಲದೆ ಕಡೆಯ ನಾಲ್ಕು ಸೊನ್ನೆ
ಗೋಡೆಯ ಸುಣ್ಣದ ಮೇಲೆ ಹೋದವು.

ಆಗ ಎದ್ದು ನಿಂತಳು ದಾವಲಬಿ,
ಬೆಟಗೇರಿಯವಳು, ಅಜ್ಜಿಯ ಹೆಸರು ಹೊತ್ತವಳು,
ಜೂನ್‌ನಿಂದ ಒಂದು ಮಾತೂ ಆಡದವಳು:
'ಟೀಚರ್, ಇಷ್ಟರಾಗ
ಕ ಯಾವುದು?'

ನಕ್ಕರು ಹುಡುಗರು. ನಾನು ನಗಲಿಲ್ಲ.
ಸೀಸಕ್ಕೆ ಅಕ್ಷರ ಬರುವುದಿಲ್ಲ, ತವರವೂ ಅನಕ್ಷರಸ್ಥ.
ಒಂದರ ಪಕ್ಕ ಒಂದು ಹೀಗೆ ನಿಂತದ್ದಕ್ಕೆ...
ಎಂದು ಶುರುಮಾಡಿ, ಮುಂದೆ ಏನೆನ್ನಲಿ ಎಂದು ತಿಳಿಯದೆ
ಮೊಳೆಯನ್ನೇ ಅವಳ ಕೈಗೆ ಕೊಟ್ಟೆ.
'ಟೀಚರ್, ಇದು ತಿರುಗಮುರುಗ ಅದ' ಎಂದಳು.
ಆಮೇಲೆ ನನ್ನ ಮೇಜಿನ ಸ್ಟ್ಯಾಂಪ್ ಪ್ಯಾಡಿಗೆ ಒತ್ತಿ
ತನ್ನ ಅಂಗೈಗೆ ಒತ್ತಿಕೊಂಡಳು,
ನೇರಳೆ ಬಣ್ಣದ, ನೆಟ್ಟಗಿನ ಕ.

ನನಗೆ ನೆನಪಾದದ್ದು ಬೆಲ್ಲ.
ಸೀಸದ ವಿಷಕ್ಕೆಂದು ಮಾಲೀಕರು ದಿನಾ ಸಂಜೆ
ಕೊಡುತ್ತಿದ್ದ ನೆಲ್ಲಿಕಾಯಿ ಗಾತ್ರದ ಬೆಲ್ಲ.
ಅದು ವಿಷಕ್ಕೆ ತಾಕಲೇ ಇಲ್ಲ.
ಹುಬ್ಬಳ್ಳಿಯಿಂದ ಬಂದ ರಕ್ತದ ವರದಿಯಲ್ಲಿ
ಡೆಸಿಲೀಟರಿಗೆ ಮೂವತ್ತೊಂದು ಮೈಕ್ರೋಗ್ರಾಂ.
ಆ ಕೊನೆಯ ಒಂದರ ಮೇಲೂ
ಅನುಮಾನಪಟ್ಟು ನೋಡಿದ್ದೆ ನಾನು.

'ಕೈ ತೊಳಕೊ' ಎಂದೆ ದಾವಲಬಿಗೆ,
'ಸಾಬೂನು ಹಚ್ಚಿ. ಎರಡು ಸಲ.'
ತೊಳೆದು ಬಂದು ತೋರಿಸಿದಳು.
ಸೀಸ ಹೋಗಿರಬೇಕು.
ಕ ಹೋಗಿರಲಿಲ್ಲ.