ಷರಾ ಕಾಲಂ

ಹನ್ನೊಂದು ವರ್ಷ ಷರಾ ಕಾಲಂನಲ್ಲಿ
ನಾನು ಬರೆದದ್ದು ಎರಡೇ ಶಬ್ದ:
ಪಾಲಕರ ನಿರ್ಲಕ್ಷ್ಯ.
ನನ್ನ ಹಿಂದಿನವರೂ ಅದನ್ನೇ ಬರೆದಿದ್ದರು,
ಅಕ್ಷರ ಮಾತ್ರ ನನ್ನವಕ್ಕಿಂತ ದುಂಡಗಿದ್ದವು.

ಬಾಗಲಕೋಟೆ ನವನಗರದಲ್ಲಿ ಆರು ದಿನದ ತರಬೇತಿ.
‘ಆರೋಗ್ಯ ನೀತಿ’ ಎಂದು ಬ್ಯಾನರು.
ನೀತಿ ಅಂದರೆ ನನಗೆ ಶಾಲೆಯ ಕೊನೇ ಪಿರಿಯಡ್ಡು,
ನರಿ, ದ್ರಾಕ್ಷಿ, ಬುದ್ಧಿ ಕಲಿತ ಕಾಗೆ.
ಊಟದಲ್ಲಿ ಶೇಂಗಾ ಚಟ್ನಿ ಚಲೋ ಇತ್ತು.

ಎರಡನೇ ದಿನ ತಹಸೀನ್ ಮುಲ್ಲಾ ಮೇಡಂ
ನನ್ನ ತಖ್ತೆಯನ್ನೇ ಗೋಡೆಯ ಮೇಲೆ ಬಿಟ್ಟರು:
ಬನಹಟ್ಟಿ, ಮಗ್ಗದ ಓಣಿ,
ಲಸಿಕೆ ನೂರಕ್ಕೆ ನಲವತ್ತೊಂದು.
“ಎಷ್ಟು ಅಂತ ಬರದೀರಿ. ಯಾಕ?”
ಬಾಜೂಕss ಐತಲ್ರಿ, ಅಂದೆ, ನಿರ್ಲಕ್ಷ್ಯ.
“ಅದು ಅವರ ಬಗ್ಗೆ ನಿಮ್ಮ ಮಾತು.
ಅವರ ಮಾತು ಎಲ್ಲೈತಿ?”
ಫ್ಯಾನು ತಿರುಗುತ್ತಿತ್ತು.
ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ಮರುವಾರ ಆಶಾ ರುದ್ರವ್ವನ ಹಿಂದೆ ಓಣಿಗೆ ಹೋದೆ.
ಮಗ್ಗದ ಸದ್ದಿಗೆ ಮೊದಲು ಕಿವಿ ಹೋಯಿತು,
ಆಮೇಲೆ ನಾನು ಬರಕೊಂಡು ಬಂದ ಪ್ರಶ್ನೆ.
ಮಹಾದೇವಿ ಕೊಣ್ಣೂರ ಹಣೆಯ ಮೇಲಿನ ನೂಲಿನ ಧೂಳು ಒರೆಸಿ
ಕೂಗಿ ಹೇಳಿದಳು:
“ಬೇಸ್ತವಾರ ಪಗಾರ್ರೀ.
ಸಾವ್ಕಾರ್ರ ಮುಂದ ನಿಂತವರಿಗೇ ಮುಂದಿನ ವಾರದ ನೂಲು.
ಸೂಜಿ ಬ್ಯಾಡ ಅಂದವರ್ಯಾರು?
ಶುಕ್ರವಾರ ಬರ್ರಿ, ಕೂಸಿನ ಕಾಲು ನಾನss ಹಿಡಕೊಂತೀನಿ.”

ರುದ್ರವ್ವ ನಕ್ಕಳು.
“ಮೂರು ಮೀಟಿಂಗಿನಾಗ ಹೇಳೀನ್ರಿ. ನೀವss ಬರ್ಕೊಂಡಿದ್ರಿ.”
ಬರಕೊಂಡಿದ್ದೆ. ನೆನಪಾಯಿತು:
ಡೈರಿಯ ಕೊನೇ ಪುಟ,
ಸ್ಕೂಟರ್ ಸರ್ವಿಸ್ ತಾರೀಖಿನ ಕೆಳಗೆ.

ಮೇಲಕ್ಕೆ ಕಾಗದ ಹಾಕಿದೆ,
ಈ ಓಣಿಗೆ ಲಸಿಕೆ ದಿನ ಶುಕ್ರವಾರ ಮಾಡಿ ಎಂದು.
ಇಪ್ಪತ್ತಾರು ದಿನಕ್ಕೆ ಉತ್ತರ ಬಂತು:
ನಿಗದಿತ ನಮೂನೆಯಲ್ಲಿ ಸಲ್ಲಿಸುವುದು.

ನಮೂನೆಯಲ್ಲಿ ವಾರಕ್ಕೆ ಜಾಗವಿಲ್ಲ,
ಪಗಾರಕ್ಕಿಲ್ಲ, ನೂಲಿಗಿಲ್ಲ.
ಎಲ್ಲರೂ ಹೋದ ಮೇಲೆ ಕಚೇರಿಯಲ್ಲಿ ಕೂತು
ಸ್ಕೇಲಿಟ್ಟು ಷರಾವನ್ನು ಎರಡಾಗಿ ಸೀಳಿದೆ:
ನಮ್ಮ ಮಾತು. ಅವರ ಮಾತು.
ಗೆರೆ ಕೊಂಚ ಸೊಟ್ಟಗಾಯಿತು, ಎರಡನೆಯದು ಕಿರಿದಾಯಿತು.
ಮಹಾದೇವಿಯ ಮಾತು ಅಂಚು ದಾಟಿ
ಹಾಳೆಯ ಬೆನ್ನಿಗೆ ಹೋಗಿದೆ.

ಸಹಿ ಹಾಕುವ ಮುಂಚೆ ಸಾಹೇಬರು
ಹಾಳೆ ತಿರುವಬೇಕಾಗುತ್ತದೆ.