ನಾಲ್ಕನೆಯ ಹೆಸರು

ಕ್ಯಾಸೆಟ್ಟಿನ ಒಳಕಾಗದದಲ್ಲಿ ನಾಲ್ಕನೆಯ ಹೆಸರು,
ಇರುವೆ ಸಾಲಿನಷ್ಟು ಸಣ್ಣ ಅಕ್ಷರ:
ರೋನಿ ಪೆಂಡಲ್, ಗಿಟಾರ್.
'ನಮ್ಮ ಗಣಪತಿ ಪೆಂಡಾಲ್ ಇದ್ದಂಗೈತಿ' ಅಂತ
ನಾನು ನಕ್ಕೆ. ದಸ್ತಗೀರ ನಗಲಿಲ್ಲ.
ಮಂಡಿಪೇಟೆಯ ರೇಡಿಯೋ ರಿಪೇರಿಯವನಿಂದ
ಹನ್ನೆರಡು ರೂಪಾಯಿಗೆ ಬಿಡಿಸಿಕೊಂಡು ತಂದದ್ದು,
ಎಂಬತ್ತಮೂರೋ, ಎಂಬತ್ತನಾಲ್ಕೋ,
ಮಿಲ್ಲಿನ ಸೈರನ್ನು ಇನ್ನೂ ಕೂಗುತ್ತಿದ್ದ ಕಾಲ.

ಆರ್ಕೆಸ್ಟ್ರಾದಲ್ಲಿ ನಾನು ಹೆಣ್ಣು ದನಿ, ಅವನು ಗಿಟಾರು.
ಬೆಳಗಿನ ಜಾವ ಆಜಾದ್ ನಗರದ ಮಂಡಕ್ಕಿ ಭಟ್ಟಿಯಲ್ಲಿ
ಅಣ್ಣನ ಜೊತೆ ಮರಳು ಕಾಯಿಸಿ
ರಾತ್ರಿ ಬೆಲ್ ಬಾಟಮ್ ತೊಟ್ಟು ವೇದಿಕೆಗೆ ಬರುತ್ತಿದ್ದ.
ಹೊಟ್ಟಿನ ಹೊಗೆ ಯಾವ ಸೆಂಟಿಗೂ ಜಗ್ಗುತ್ತಿರಲಿಲ್ಲ.

ಪೆಂಡಲ್ ಹೆಂಗೆ ಬಾರಿಸ್ತಾನೆ ಗೊತ್ತಾ, ಅನ್ನುತ್ತಿದ್ದ.
ಅಂಗೈ ಬುಡದಿಂದ ತಂತಿಯ ಬಾಯಿ ಮುಚ್ಚಿ
ಟಕ ಟಕ ಟಕ ಟಕ,
ಮಗ್ಗದಲ್ಲಿ ಲಾಳಿ ಓಡಿದ ಹಾಗೆ.
ಹಾಡುವವನು ಎಷ್ಟೇ ಅರಚಲಿ, ಇವನದು ಅದೇ ಟಕ ಟಕ.
ಕೊನೆಗೆ ಒಂದೇ ಒಂದು ಸಲ ಕೈ ಎತ್ತಿದರೆ
ಆರೂ ತಂತಿ ಬಾಯಿಬಿಟ್ಟು
ಮೈ ಜುಮ್ಮೆನ್ನುವುದು.
'ಅವರಪ್ಪನೂ ಹತ್ತಿ ಮಿಲ್ಲಿನೋನೇ ಇರಬೇಕು.'
ಇರಬೇಕು ಅಂದದ್ದು
ಮುಂದಿನ ವಾರಕ್ಕೆ ಹೌದು ಆಯಿತು.

ಆಮೇಲೆ ಮೆಟಾಡೋರಿನಲ್ಲಿ ಊರಿಗೊಂದು ಅಧ್ಯಾಯ.
ಹರಿಹರ ದಾಟುವಾಗ ಪೆಂಡಲ್ ಮೊದಲ ಬ್ಯಾಂಡು ಬಿಟ್ಟ,
ಬಿಟ್ಟ ಆರು ತಿಂಗಳಿಗೆ ಅದು ಹೆಸರು ಮಾಡಿತು.
ಹೊಳಲ್ಕೆರೆ ಹತ್ತಿರ ಎರಡನೆಯದು:
ತಲೆಗೆ ಬಣ್ಣ, ಗಂಡಸರ ಕಣ್ಣಿಗೆ ಕಾಡಿಗೆ, ಅವನಿಗೆ ಒಗ್ಗಲಿಲ್ಲ.
ಜಗಳೂರು ದಾರಿಯಲ್ಲಿ ಟೈರು ಪಂಚರ್.
ಸ್ಟೆಪ್ನಿ ಹಾಕುವಷ್ಟರಲ್ಲಿ
ಪೆಂಡಲ್ ಜಪಾನಿಗೆ ಹೋಗಿ ಬಂದಿದ್ದ, ಮದುವೆಯೂ ಆಗಿತ್ತು.
'ಇದೆಲ್ಲ ಯಾರು ಹೇಳಿದ್ರೋ ನಿನಗೆ?'
ಡ್ರಮ್ಮಿನ ತಿಪ್ಪೇಶಿ ಕೇಳಿದ.
'ಬಾರಿಸೋದು ಕೇಳಿದ್ರೆ ತಿಳಿಯಂಗಿಲ್ವಾ?'

ನಿಟ್ಟುವಳ್ಳಿ ಗಣಪತಿಗೆ ನಮ್ಮ ಪ್ರೋಗ್ರಾಮು.
ಪಲ್ಲವಿ ಮುಗಿದು ನಾನು ಉಸಿರೆಳೆದುಕೊಳ್ಳುವ ಜಾಗದಲ್ಲಿ
ಪಿಟೀಲಿನ ತುಣುಕು ಬರಬೇಕಿತ್ತು ಗಿಟಾರಿನಲ್ಲಿ,
ಬಂದದ್ದು ಟಕ ಟಕ.
ಮೈಕಿನವನು ವೈರು ಸಡಿಲಾಯಿತೆಂದು ಓಡಿ ಬಂದ.
ಕಮಿಟಿಯವರು ಐವತ್ತು ರೂಪಾಯಿ ಹಿಡಿದರು.
ನಾನೂ ಚರಣ ಎತ್ತಿಕೊಳ್ಳುವ ಜಾಗ ತಪ್ಪಿದೆ,
ಹದಿನಾಲ್ಕು ವರ್ಷದಲ್ಲಿ ಅದೊಂದೇ ಸಲ.
ಇನ್ನೊಂದು ಸಲ ತಪ್ಪಬೇಕು ಅನ್ನಿಸಿತ್ತು,
ಯಾರಿಗೂ ಹೇಳಲಿಲ್ಲ.

ಕೀಬೋರ್ಡು ಬಂತು.
ತಬಲಾ, ಕೊಳಲು, ಗಿಟಾರು ಎಲ್ಲ ಒಂದೇ ಹಲಗೆಯೊಳಗೆ.
ಮೆಟಾಡೋರಿನಲ್ಲಿ ಜಾಗ ಸಾಕಷ್ಟಿತ್ತು,
ಲೆಕ್ಕದಲ್ಲಿ ಇರಲಿಲ್ಲ.
ಸೈರನ್ನು ನಿಂತದ್ದೂ ಅದರ ಹಿಂದುಮುಂದೇ.
ಸುಮಾರು ದಿನ ನಮ್ಮ ಓಣಿಯವರು
ಅನ್ನಕ್ಕೆ ಇಡುವ ಹೊತ್ತು ಗೊತ್ತಾಗದೆ ಒದ್ದಾಡಿದರು.

ಹೋದ ತಿಂಗಳು ಮಗಳ ಮೊಬೈಲಿನಲ್ಲಿ ಹುಡುಕಿಸಿದೆ.
ರೋನಿ ಪೆಂಡಲ್: ಒಂದೇ ಬ್ಯಾಂಡು, ಎರಡು ಕ್ಯಾಸೆಟ್ಟು,
ಎಂಬತ್ತೈದಕ್ಕೆ ಗಿಟಾರು ಮಾರಿದ,
ಆಮೇಲೆ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ.
ಜಪಾನು ಇಲ್ಲ.
ಅಪ್ಪನದು ಮೀನಿನ ಅಂಗಡಿ.

ಹೇಳಿಬಿಡೋಣ ಅಂತಲೇ ಭಟ್ಟಿಗೆ ಹೋದೆ,
ನೆವಕ್ಕೆ ಎರಡು ಸೇರು ಮಂಡಕ್ಕಿ.
ಬಾಣಲೆಯಲ್ಲಿ ಮರಳು ಕಾದು ಕೆಂಪಗಿತ್ತು.
ಅಕ್ಕಿ ಬಿದ್ದು, ಟಕ ಟಕ, ಒಮ್ಮೆಲೇ ಅರಳಿತು.
ದಸ್ತಗೀರನಿಗೆ ಗಡ್ಡ ಬೆಳ್ಳಗಾಗಿದೆ, ಒಂದು ಕಿವಿ ಮಂದ.
ಜರಡಿಯ ಅಂಚಿನಲ್ಲಿ ಎಡಗೈ ಬೆರಳು
ತಮ್ಮ ಪಾಡಿಗೆ ಏನನ್ನೋ ಒತ್ತಿ ಬಿಡುತ್ತಿದ್ದವು.

'ಪೆಂಡಲ್ ಈಗ ಬ್ಯಾಂಡು ಗೀಂಡು ಎಲ್ಲ ಬಿಟ್ಟವನೆ,
ಒಬ್ಬನೇ ಬಾರಿಸ್ತಾನೆ, ಗೊತ್ತಾ?' ಅಂದ.

ಬಾಯಿವರೆಗೆ ಬಂದದ್ದನ್ನು
ಒಂದು ಹಿಡಿ ಬಿಸಿ ಮಂಡಕ್ಕಿ ಹಾಕಿ ಮುಚ್ಚಿದೆ.
'ಎಲ್ಲಿ?' ಅಂದೆ, ಅವನ ಒಳ್ಳೆಯ ಕಿವಿಯ ಕಡೆ ಸರಿದು.

ಅವನು ಜರಡಿ ಕೆಳಗಿಟ್ಟ.