ಜಿಲ್ಲಿ ಬಂದ ಮೇಲೆ

ಮೂರನೇ ರಾತ್ರಿ ಮೊಣಕೈ ಮಡಿಕೆಯಲ್ಲಿ ಶುರುವಾಯಿತು.
ಸೊಳ್ಳೆ ಅಂದುಕೊಂಡೆ.
ಬೆಳಕು ಹರಿದ ಮೇಲೆ ನೋಡಿದರೆ
ರಾಗಿ ಚೆಲ್ಲಿದಂತೆ ಕೆಂಪು ಕೆಂಪು,
ಕತ್ತಿನವರೆಗೂ ಹತ್ತಿತ್ತು.

ಬಾಗಿಲ ಹತ್ತಿರ ಅವನು ಬಾಲ ಬಡಿಯುತ್ತಿದ್ದ,
ಏನೂ ಮಾಡದವನ ಹಾಗೆ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಗೇಟಿನಲ್ಲಿ
ಲಗೇಜ್ ಆಟೋದ ಅಡಿ ಸಿಕ್ಕವನು.
ಹರಾಜು ಮುಗಿದಿತ್ತು. ಕಾವಲಿನ ಪ್ಯಾರೇಜಾನ್ ಸಾಬರು
"ತಗೊಂಡೋಗಮ್ಮಾ, ನಾಳೆಗೆ ಉಳಿಯಲ್ಲ ಇದು" ಅಂದರು.
ಖಾಲಿ ಚೀಲದಲ್ಲಿ ಕೂರಿಸಿ ತಂದೆ.
ದಾರಿಯುದ್ದಕ್ಕೂ ಚೀಲ ಸೊಂಟಕ್ಕೆ ಬೆಚ್ಚಗೆ.
ಬಣ್ಣವೋ, ನೂಲು ಬಿಚ್ಚಿದ ಮೇಲೆ ತಳದಲ್ಲಿ ಉಳಿಯುವ
ಜಿಲ್ಲಿಯ ಬಣ್ಣ.
ಹೆಸರು ಹುಡುಕುವ ಕಷ್ಟವೇ ಇರಲಿಲ್ಲ.

ಪಕ್ಕದ ಮನೆ ವೆಂಕಟರವಣಮ್ಮ "ಪಿತ್ತಗಂಧೆ" ಅಂದಳು,
ಕರೀ ಕಂಬಳಿ ತಂದು ಉಜ್ಜಿದಳು. ಉರಿ ಇಮ್ಮಡಿಯಾಯಿತು.
ನಾದಿನಿ ಪಿಳ್ಳಮ್ಮ ಫೋನಿನಲ್ಲೇ ತೀರ್ಪು ಕೊಟ್ಟಳು:
ನಾಯಿ ಬಿಟ್ಟುಬಿಡು.
ಆಂಜಿನಪ್ಪ ಏನೂ ಅನ್ನಲಿಲ್ಲ,
ತನ್ನ ಚಾಪೆಯನ್ನು ಮೊಳದಷ್ಟು ಆಚೆಗೆಳೆದುಕೊಂಡ, ಅಷ್ಟೆ.

ಗುರುವಾರ ಮಾತ್ರ ಚಿಕ್ಕಬಳ್ಳಾಪುರದಿಂದ ಬರುವ ಚರ್ಮದ ಡಾಕ್ಟರು,
ಹುಡುಗಿ, ಮೂಗುಬೊಟ್ಟಿಟ್ಟವಳು.
ಮನೆಗೆ ಹೊಸದೇನು ಬಂತು? ಸೋಪು? ಸೀರೆ?
ನಾಯಿ, ಅಂದೆ, ಕಳ್ಳತನ ಒಪ್ಪಿಕೊಂಡಂತೆ.
ತೋಳು ನೋಡಿದಳು. ಆಮೇಲೆ ಅಂಗೈ ತಿರುಗಿಸಿದಳು.
ಬೆರಳ ತುದಿ ಬೆಂದು, ಬಿಳಚಿ, ಗೆರೆಯೆಲ್ಲ ಮಾಸಿ
(ರೇಷನ್ ಅಂಗಡಿಯ ಮಿಷನ್ನಿಗೆ ನನ್ನ ಹೆಬ್ಬೆಟ್ಟು ಗುರುತೇ ಇಲ್ಲ)
"ಇದು ಎಷ್ಟು ದಿನದಿಂದ?"
ಇದಾ? ಇದು ಕೆಲಸ. ಇಪ್ಪತ್ತಾರು ವರ್ಷದ್ದು.
"ಯಾರಿಗೂ ತೋರಿಸಲೇ ಇಲ್ಲವಾ?"

ಕ್ಲಿನಿಕ್ಕಿನ ಮೆಟ್ಟಿಲಿಳಿಯುತ್ತಾ ಲೆಕ್ಕ ಹಾಕಿದೆ:
ಕುದಿನೀರಲ್ಲಿ ಕೈಯಿಟ್ಟು
ಉಗುರ ಸಂದಿ ಕೀವಾಗಿ ಅನ್ನ ಕಲಸಲಾಗದ ದಿನ
ಬೇಸಿನ್ನು ಬಿಟ್ಟುಬಿಡು ಅಂತ
ಒಬ್ಬರಾದರೂ ಅಂದದ್ದುಂಟಾ?

ಜಿಲ್ಲಿ ಉಳಿದ.
ಸುಮ್ಮನೆ ಅಲ್ಲ. ಹೊಸಿಲು ದಾಟುವಂತಿಲ್ಲ,
ಅವನ ಗೋಣಿ ಜಗಲಿಯಲ್ಲಿ.
ಭಾನುವಾರ ಸ್ನಾನ, ಅದೂ ಆಂಜಿನಪ್ಪನ ಕೈಯಲ್ಲಿ,
ಬೈಯುತ್ತಾ, ಕಿವಿಯೊಳಗೂ ಒರೆಸುತ್ತಾ.
ನನಗೆ ಆಂಜಿನಪ್ಪನ ಹಳೇ ತುಂಬುತೋಳಿನ ಅಂಗಿ.
ಅದರೊಳಗೆ ಗುಲಾಬಿ ಲೋಷನ್ನು ಬಳಿದ ತೋಳು
ಅಂಗನವಾಡಿ ಗೋಡೆ.
ರಾತ್ರಿಗೊಂದು ಬಿಳಿ ಮಾತ್ರೆ.
ಒಮ್ಮೆ ಮರೆತು ಬೆಳಿಗ್ಗೆ ನುಂಗಿ
ರಾಟೆಯ ಮುಂದೆ ತೂಕಡಿಸಿ ತೂಕಡಿಸಿ
ನಾಲ್ಕು ಎಳೆ ಒಟ್ಟಿಗೇ ಕಡಿದವು.
ಮಾಲೀಕ ಅರ್ಧ ದಿನದ ಕೂಲಿ ಹಿಡಿದುಕೊಂಡ.

ಪಶು ಆಸ್ಪತ್ರೆಯ ಕಾಂಪೌಂಡರು ಅವನನ್ನು ಮಗುಚಿ ನಕ್ಕ:
"ಇವನಿಗೂ ನವೆ ಕಣಮ್ಮಾ, ಹೊಟ್ಟೆಯಡಿ ನೋಡು.
ಕಾರ್ಖಾನೆ ಹಿಂದೆ ಸುರಿದ ಹುಳ ತಿಂತಾನಾ?"
ತಿನ್ನುತ್ತಿದ್ದ. ದಿನಾ ನನ್ನನ್ನು ಕರೆತರಲು ಬಂದು,
ಕಾಯುವ ಹೊತ್ತಿಗೆ.
ಯಾರದು ಯಾರಿಗೆ ಹತ್ತಿತು ಅಂತ
ಅಲ್ಲಿಂದ ಮುಂದೆ ನಾನು ಕೇಳಲಿಲ್ಲ.

ಈಗ ತೋಳಿನದು ಬಾಡುತ್ತಿದೆ. ಪೂರ್ತಿ ಹೋಗಿಲ್ಲ.
ನಡುರಾತ್ರಿ ದಾಟಿದರೆ ಇಬ್ಬರಿಗೂ ಎಚ್ಚರ.
ಹಿಂಗಾಲಿನಲ್ಲಿ ಅವನು ನೆಲ ಕುಟ್ಟುವ ಸದ್ದು, ಟಪ ಟಪ ಟಪ,
ನಾನು ಅಂಗಿಯ ಮೇಲಿಂದಲೇ.

ಸವೆದ ಕುಂಚವೊಂದನ್ನು ಕಾರ್ಖಾನೆಯಿಂದ ತಂದಿಟ್ಟಿದ್ದೇನೆ,
ಬೆಂದ ಗೂಡುಗಳ ನೆತ್ತಿ ಸವರಿ
ಎಳೆ ಹುಡುಕುವ ಕುಂಚ.
ಹೊಸಿಲ ಈಚೆ ಕೂತು, ತೋಳು ಚಾಚಿ
ಅದರಲ್ಲಿ ಅವನ ಬೆನ್ನು ಸವರುತ್ತೇನೆ.
ಅವಸರ ಮಾಡಬಾರದು. ಎಲ್ಲೋ ಒಂದು ಕಡೆ ತುದಿ ಇರುತ್ತದೆ.
ಸಿಕ್ಕಿತೆಂದರೆ ಅವನ ಕಾಲು ತಾನೇ ಗಾಳಿಯಲ್ಲಿ ಸುತ್ತುತ್ತದೆ,
ರಾಟೆಯಂತೆ.

ಒಳಗಿನಿಂದ ಆಂಜಿನಪ್ಪನ ದನಿ:
"ಕೆರಕೊಂಡಿದ್ದು ಸಾಕು.
ಮಲಗಿ ಇಬ್ಬರೂ."